ಕಿಟ್‌ನಲ್ಲಿ ಇನ್ನೂ ಎರಡು ಗೆರೆ

ಪ್ರಶ್ನೆ:

ಡಾಕ್ಟರಮ್ಮನವರೇ, ನನಗೆ 24 ವರ್ಷ. ತವರು ಮೊಳಕಾಲ್ಮೂರು, ಅಪ್ಪ ರೇಷ್ಮೆ ಸೀರೆ ನೇಯುತ್ತಾರೆ. ಕೊಟ್ಟಿರುವುದು ಚಳ್ಳಕೆರೆಗೆ, ನನ್ನ ಸೋದರಮಾವನಿಗೇ. ಹಾಗಾಗಿ ಅತ್ತೆ ಅಂದರೆ ನನ್ನ ಅವ್ವನ ಅವ್ವ, ನನ್ನಜ್ಜಿ. ನಮ್ಮ ಮನೆಯವರು ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಮದುವೆಯಾಗಿ ಎರಡು ವರ್ಷಕ್ಕೆ ಮುಟ್ಟು ನಿಂತಿತು. ಎರಡನೇ ತಿಂಗಳಿಂದಲೇ ವಿಪರೀತ ವಾಂತಿ, ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಎದೆ ಡವಡವ, ಕೈ ನಡುಕ, ಮೈಯೆಲ್ಲ ಬೆವರು. ಹೊಟ್ಟೆ ಬೇಗ ಕಾಣಿಸಿತು, ಅವಳಿ ಇರಬೇಕು ಅಂದರು. 11ನೇ ವಾರ ಕಂದು ಬಣ್ಣದ ರಕ್ತ ಹೋಯಿತು. ಸ್ಕ್ಯಾನಿಂಗ್ ಮಾಡಿ, ಮಗುವೇ ಇಲ್ಲ, ಇದು ಮೋಲಾರ್ ಪ್ರೆಗ್ನೆನ್ಸಿ ಅಂದರು. ಬೀಟಾ ಎಚ್‌ಸಿಜಿ 3,42,000 ಇತ್ತು. ದೊಡ್ಡಾಸ್ಪತ್ರೆಗೆ ಸೇರಿಸಿ ಕ್ಲೀನ್ ಮಾಡಿದರು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು, ಅದರಲ್ಲಿ ‘ಕಂಪ್ಲೀಟ್ ಮೋಲ್’ ಅಂತ ಬಂದಿದೆ.

ವಾರವಾರ ರಕ್ತ ಕೊಡಬೇಕು ಅಂದಿದ್ದರು. ಮೊದಲ ವಾರ 21,400, ಆಮೇಲೆ 3,150, ಆಮೇಲೆ 780, ನಾಲ್ಕನೇ ವಾರ 540. ತವರಿಗೆ ಬಂದ ಮೇಲೆ ಇಲ್ಲಿನ ಲ್ಯಾಬಿನಲ್ಲಿ ಕೊಟ್ಟರೆ 612! ಏರಿದೆ ಅಂದರೆ ಕ್ಯಾನ್ಸರ್ ಇಂಜೆಕ್ಷನ್ ಕೊಡಬೇಕಾಗಬಹುದು ಎಂದು ಹಿಂದೆಯೇ ಡಾಕ್ಟರು ಹೇಳಿದ್ದರು. ಮೊನ್ನೆ ಯಾರಿಗೂ ಹೇಳದೆ ಮೆಡಿಕಲ್ ಶಾಪಿನಿಂದ ಕಿಟ್ ತಂದು ಬಚ್ಚಲಲ್ಲಿ ನೋಡಿದೆ. ಇನ್ನೂ ಎರಡು ಗೆರೆ ಬರುತ್ತಿದೆ. ಒಳಗೆ ಏನಿದೆ ಹಾಗಾದರೆ? ಅಜ್ಜಿ, ಗ್ರಹಣದ ದಿನ ಹೊರಗೆ ಓಡಾಡಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ. ಓಣಿಯವರೊಬ್ಬರು ಸಂಬಂಧದಲ್ಲಿ ಕೊಟ್ಟುಕೊಂಡದ್ದಕ್ಕೆ ಅಂದರು. ಇನ್ನೊಬ್ಬರು ಗರ್ಭಚೀಲವನ್ನೇ ತೆಗೆಸಿಬಿಡಿ ಅನ್ನುತ್ತಾರೆ. ಮನೆಯವರು ಏನೂ ಅನ್ನುವುದಿಲ್ಲ, ಅದೇ ಒಂದು ಕಷ್ಟ. ನನಗೆ ಮುಂದೆ ಮಕ್ಕಳಾಗುತ್ತವಾ? ಅಪ್ಪ ನನ್ನ ಸೀಮಂತಕ್ಕೆಂದು ಮಗ್ಗಕ್ಕೆ ಹಾಕಿದ್ದ ಸೀರೆ ಮುಗಿದಿದೆ. ಏನು ಮಾಡಲಿ ಅಂತ ಅವ್ವನ ಹತ್ತಿರ ಕೇಳುವುದು ನನ್ನ ಕಿವಿಗೆ ಬಿತ್ತು. ಭಯಕ್ಕೆ ಎರಡು ವಾರದಿಂದ ರಕ್ತ ಕೊಡಲು ಹೋಗಿಲ್ಲ.

— ಹೆಸರು ಬೇಡ, ಮೊಳಕಾಲ್ಮೂರು

ಉತ್ತರ:

ತಾಯಿ, ನಿನಗೆ ನನ್ನ ಮಗಳ ವಯಸ್ಸು. ‘ನೀನು’ ಎಂದೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ರಕ್ತದ ಮಾತು. ಇಷ್ಟುದ್ದ ಕಾಗದ ಬರೆದು, ಎರಡು ವಾರದಿಂದ ಪರೀಕ್ಷೆಗೆ ಹೋಗಿಲ್ಲ ಎನ್ನುವುದನ್ನು ಕಟ್ಟಕಡೆಗೆ, ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀಯ. ನನ್ನ ಕಣ್ಣಿಗೆ ಇಡೀ ಕಾಗದದಲ್ಲಿ ದೊಡ್ಡದಾಗಿ ಕಂಡದ್ದು ಅದೊಂದೇ. ಗರ್ಭ ಕ್ಲೀನ್ ಮಾಡಿಸಿದ ದಿನ ನಿನ್ನ ಚಿಕಿತ್ಸೆ ಅರ್ಧ ಮುಗಿಯಿತು ಅಷ್ಟೇ. ಉಳಿದರ್ಧ ಈ ಅಂಕಿಯನ್ನು ಬೆನ್ನು ಹತ್ತುವುದು. ಈ ಕಾಯಿಲೆಯಲ್ಲಿ ಹೆಣ್ಣುಮಕ್ಕಳು ತೊಂದರೆಗೆ ಸಿಗುವುದು ಹೆಚ್ಚಾಗಿ ಇಲ್ಲೇ. ರಕ್ತಸ್ರಾವ ನಿಂತಿತು, ವಾಂತಿ ನಿಂತಿತು, ಊಟ ಸೇರುತ್ತಿದೆ, ಇನ್ನೇನು ಎಂದು ಬಿಟ್ಟುಬಿಡುತ್ತಾರೆ. ನೀನು ಬಿಟ್ಟದ್ದು ಭಯಕ್ಕೆ. ಎರಡಕ್ಕೂ ಫಲ ಒಂದೇ.

ಈಗ ಆದದ್ದೇನು ಎಂದು ಹೇಳುತ್ತೇನೆ. ನಿನಗೆ ಯಾರೂ ಕೂರಿಸಿಕೊಂಡು ಹೇಳಿದಂತೆ ಕಾಣುವುದಿಲ್ಲ.

ಮೋಲಾರ್ ಅಂದಾಗ ಕೆಲವರಿಗೆ ದವಡೆಹಲ್ಲು ನೆನಪಾಗುತ್ತದೆ. ಲ್ಯಾಟಿನ್‌ನಲ್ಲಿ ‘ಮೋಲಾ’ ಅಂದರೆ ಬೀಸುವ ಕಲ್ಲು. ಹಲ್ಲಿಗೂ ಈ ಬಸಿರಿಗೂ ಹೆಸರು ಬಂದದ್ದು ಅಲ್ಲಿಂದಲೇ. ನಿಮ್ಮೂರಿನ ಹೆಸರಲ್ಲಿರುವ ಮೊಳಕ್ಕೂ ಇದಕ್ಕೂ ಸಂಬಂಧವಿಲ್ಲ, ನಗಬೇಡ, ಹಾಗೆ ಕೇಳಿದವರಿದ್ದಾರೆ. ಬಸಿರಿನಲ್ಲಿ ಮಗು ಒಂದು ಭಾಗವಾದರೆ, ಮಗುವಿಗೆ ಆಹಾರ ಒದಗಿಸುವ ಮಾಸು ಇನ್ನೊಂದು. ನಿನ್ನದರಲ್ಲಿ ಮಗು ಮೂಡಲೇ ಇಲ್ಲ, ಮಾಸು ಮಾತ್ರ ಲಂಗುಲಗಾಮಿಲ್ಲದೆ ಬೆಳೆಯಿತು. ಅದರ ಎಳೆಎಳೆಯ ತುದಿಗಳು ನೀರು ತುಂಬಿಕೊಂಡು ಊದಿಕೊಳ್ಳುತ್ತವೆ. ತೆಗೆದದ್ದನ್ನು ನೀರಿನ ಬಟ್ಟಲಿಗೆ ಹಾಕಿದರೆ ಪಾಯಸಕ್ಕೆ ನೆನೆಹಾಕಿದ ಸಬ್ಬಕ್ಕಿ ಕಂಡಂತೆ ಕಾಣುತ್ತದೆ. ಒಳಗೆ ತಿಳಿನೀರು, ಹೊರಗೆ ತೆಳು ಪೊರೆ, ಒಂದಕ್ಕೊಂದು ದಾರ ಕಟ್ಟಿದ ಹಾಗೆ. ಕೆಲವು ದ್ರಾಕ್ಷಿಯಷ್ಟು ದಪ್ಪ ಇರುತ್ತವೆ. ಡಾಕ್ಟರುಗಳು ದ್ರಾಕ್ಷಿ ಗೊಂಚಲು ಎನ್ನುವುದು ಇದಕ್ಕೇ. ಸಾವಿರ ಬಸಿರಿಗೆ ಒಂದೋ ಎರಡೋ ಹೀಗಾಗುತ್ತವೆ. ತೀರಾ ಚಿಕ್ಕ ವಯಸ್ಸಿನವರಿಗೆ, ನಲವತ್ತು ದಾಟಿದವರಿಗೆ ಇನ್ನಷ್ಟು ಹೆಚ್ಚು. ಇವೆರಡರ ನಡುವಿನ ನಿನ್ನಂಥ ಹುಡುಗಿಗೂ ಆಗುತ್ತದೆ, ಕಾರಣ ಕೇಳಿದರೆ ಆಕಸ್ಮಿಕ ಅನ್ನಬೇಕು.

ಆ ಆಕಸ್ಮಿಕದ ಒಳಗು ಹೀಗಿದೆ. ಮಗುವಿಗೆ ತಾಯಿಯಿಂದ 23, ತಂದೆಯಿಂದ 23 ವರ್ಣತಂತು ಬರಬೇಕು. ಕಂಪ್ಲೀಟ್ ಮೋಲ್‌ನಲ್ಲಿ ಅಂಡಾಣು ತನ್ನ ಪಾಲನ್ನು ಕಳೆದುಕೊಂಡು ಖಾಲಿಯಾಗಿರುತ್ತದೆ. ಹೆಚ್ಚಿನ ಸಲ, ಒಳಬಂದ ಒಂದೇ ವೀರ್ಯಾಣು ತನ್ನ 23ನ್ನೇ ಇಮ್ಮಡಿ ಮಾಡಿಕೊಂಡು 46 ಆಗುತ್ತದೆ. ಲೆಕ್ಕ ಸರಿಹೋಯಿತು, ಆದರೆ ತಾಯಿ ಕಡೆಯದು ಒಂದೂ ಇಲ್ಲ. ಮಾಸು ಬೆಳೆಸುವ ಕೆಲಸ ತಂದೆ ಕಡೆಯ ಪಾಲಿಗೆ ಹೆಚ್ಚು, ಮಗುವನ್ನು ರೂಪಿಸಲು ತಾಯಿಯ ಪಾಲು ಬೇಕೇಬೇಕು. ಆದ್ದರಿಂದ ಮಾಸು ಉಕ್ಕಿತು, ಮಗು ಆಗಲಿಲ್ಲ. ಪಾರ್ಷಿಯಲ್ ಮೋಲ್ ಎಂದು ಇನ್ನೊಂದಿದೆ. ಅದರಲ್ಲಿ ಒಂದು ಅಂಡಾಣುವಿಗೆ ಸಾಮಾನ್ಯವಾಗಿ ಎರಡು ವೀರ್ಯಾಣು ಸೇರಿ 69 ಆಗಿರುತ್ತದೆ. ಅದರ ಕಾಟ ಕಡಿಮೆ.

ಇದನ್ನು ಓದಿ ಮನೆಯವರ ಮುಖ ನೋಡಬೇಡ. ಅವರ ತಪ್ಪೂ ಇಲ್ಲ, ನಿನ್ನ ತಪ್ಪೂ ಇಲ್ಲ. ಬೇಕಿದ್ದರೆ ಈ ಪುಟವನ್ನು ಅವರ ಕೈಗೇ ಕೊಡು. ಸುಮ್ಮನಿರುವ ಗಂಡಸರು ಎಷ್ಟೋ ಸಲ ಏನು ಮಾತಾಡಬೇಕೋ ಗೊತ್ತಾಗದೆ ಸುಮ್ಮನಿರುತ್ತಾರೆ.

ಅಜ್ಜಿಯ ಗ್ರಹಣಕ್ಕೆ ಬರೋಣ. ಅವರನ್ನು ಬಯ್ಯಬೇಡ. ಮಗಳ ಮಗಳನ್ನೇ ಸೊಸೆ ಮಾಡಿಕೊಂಡ ಮುದುಕಿ. ನಿನ್ನ ನೋವು ಆಕೆಗೆ ಎರಡು ಕಡೆಯಿಂದ ಚುಚ್ಚುತ್ತಿದೆ, ಯಾರ ಮೇಲಾದರೂ ಹೊರೆ ಹಾಕಬೇಕು, ಚಂದ್ರನ ಮೇಲೆ ಹಾಕಿದ್ದಾರೆ. ನಮ್ಮೂರಲ್ಲಿ ಮಾತ್ರ ಹೀಗೆ ಅಂದುಕೊಳ್ಳಬೇಡ. 1276ರಲ್ಲಿ ನೆದರ್‌ಲೆಂಡ್ಸಿನ ಒಬ್ಬ ಸಿರಿವಂತ ಹೆಂಗಸು, ಹೆನ್ನೆಬರ್ಗಿನ ಮಾರ್ಗರೆಟ್, ಒಂದೇ ಹೆರಿಗೆಯಲ್ಲಿ ವರ್ಷದ ದಿನಗಳಷ್ಟು, 365 ಮಕ್ಕಳನ್ನು ಹೆತ್ತಳು ಎಂಬ ಕತೆ ಇದೆ. ಅವಳಿ ಹೆತ್ತ ಬಡ ಹೆಂಗಸೊಬ್ಬಳನ್ನು ಹಂಗಿಸಿದ್ದಕ್ಕೆ ತಟ್ಟಿದ ಶಾಪವಂತೆ. ಅದು ಇದೇ ದ್ರಾಕ್ಷಿ ಗೊಂಚಲಾಗಿರಬಹುದು ಎಂದು ಈಗಿನ ವೈದ್ಯರು ಊಹಿಸುತ್ತಾರೆ. ಏನೇ ಹೇಳು, ಗ್ರಹಣ ನೋಡಿ ವರ್ಣತಂತು ಅಳಿಸಿಹೋಗುವುದಿಲ್ಲ.

ಇನ್ನು ಆ ಹಾರ್ಮೋನು. ಎಚ್‌ಸಿಜಿಯನ್ನು ಮಾಡುವುದು ಮಾಸು. ಒಳ್ಳೆಯ ಬಸಿರಿನಲ್ಲಿ ಮೊದಲ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ, ಎಂಟರಿಂದ ಹನ್ನೊಂದನೇ ವಾರದ ಹೊತ್ತಿಗೆ ತುತ್ತತುದಿ ಮುಟ್ಟಿ ಇಳಿಯತೊಡಗುತ್ತದೆ. ಮಾಸೇ ಮಿತಿಮೀರಿ ಬೆಳೆದರೆ ಹಾರ್ಮೋನೂ ಮಿತಿಮೀರುತ್ತದೆ. ಕಂಪ್ಲೀಟ್ ಮೋಲ್‌ನಲ್ಲಿ ಲಕ್ಷ ದಾಟುವುದು ಸಾಮಾನ್ಯ. ನಿನ್ನ ಮೂರೂವರೆ ಲಕ್ಷದ ಹತ್ತಿರದ ಅಂಕಿ ನಮಗೆ ಹೊಸದಲ್ಲ. ಹೊಟ್ಟೆ ಬೇಗ ಕಂಡದ್ದು ಉಕ್ಕಿದ ಮಾಸಿನಿಂದ; ನಿನ್ನ ವಾಂತಿ, ಎದೆ ಡವಡವದ ಹಿಂದೆ ಇದ್ದದ್ದು ಈ ಹಾರ್ಮೋನು.

ಎದೆಬಡಿತದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಎಚ್‌ಸಿಜಿಗೆ ಎರಡು ತುಂಡು, ಆಲ್ಫಾ ಮತ್ತು ಬೀಟಾ. ಆಲ್ಫಾ ತುಂಡು ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಟಿಎಸ್‌ಎಚ್‌ನಲ್ಲೂ ಹಾಗೇ ಇದೆ, ಅಂಡಾಶಯಕ್ಕೆ ಹೇಳಿಕಳಿಸುವ ಹಾರ್ಮೋನುಗಳಲ್ಲೂ ಹಾಗೇ ಇದೆ. ಬೀಟಾ ಮಾತ್ರ ಇದರ ಸ್ವಂತದ್ದು. ಲ್ಯಾಬಿನವರು ಬೀಟಾ ಎಂದು ಹೆಸರು ಹಿಡಿದು ಪರೀಕ್ಷೆ ಮಾಡುವುದು ಅದಕ್ಕೇ. ಓಣಿ ಹೆಸರು ಒಂದೇ ಆದಾಗ ಒಬ್ಬರ ಕಾಗದ ಇನ್ನೊಬ್ಬರ ಮನೆಗೆ ಬೀಳುವುದಿಲ್ಲವೇ? ಒಂದೆರಡು ಕಾಗದವಾದರೆ ನಡೆಯುತ್ತದೆ. ಲಕ್ಷಗಟ್ಟಲೆ ಬಂದು ಬಿದ್ದರೆ ಥೈರಾಯ್ಡು ತನಗೇ ಆಜ್ಞೆ ಬಂತೆಂದು ಓವರ್‌ಟೈಮ್ ಕೆಲಸ ಶುರು ಮಾಡುತ್ತದೆ. ಬೆವರು, ನಡುಕ, ಎದೆಬಡಿತ ಬರುವುದು ಹೀಗೆ. ಇದನ್ನು ನೋಡದೆ ಅರಿವಳಿಕೆ ಕೊಟ್ಟರೆ ಅಪಾಯ, ಆದ್ದರಿಂದ ಕ್ಲೀನ್ ಮಾಡುವ ಮುಂಚೆ ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಾರೆ, ಎದೆಬಡಿತ ಇಳಿಸುವ ಮಾತ್ರೆ ಕೊಡುತ್ತಾರೆ. ಎಚ್‌ಸಿಜಿ ಇಳಿದಂತೆ ಥೈರಾಯ್ಡೂ ತಾನಾಗಿ ತಣ್ಣಗಾಗುತ್ತದೆ, ಜೀವನಪೂರ್ತಿ ಮಾತ್ರೆ ನುಂಗಬೇಕಿಲ್ಲ. ಅಂಡಾಶಯಗಳೂ ಹೀಗೇ ಮೋಸಹೋಗಿ ಎರಡೂ ಕಡೆ ನೀರುಗುಳ್ಳೆ ಕಟ್ಟಿಕೊಳ್ಳಬಹುದು. ಸ್ಕ್ಯಾನಿಂಗ್ ಚೀಟಿಯಲ್ಲಿ ಅದನ್ನು ಓದಿ ‘ಗಡ್ಡೆ ಇದೆ, ಆಪರೇಷನ್’ ಎಂದು ಗಾಬರಿ ಬೀಳುವವರಿದ್ದಾರೆ. ಎರಡು ಮೂರು ತಿಂಗಳಲ್ಲಿ ಅವು ಕರಗಿಹೋಗುತ್ತವೆ. ಇದ್ದಕ್ಕಿದ್ದಂತೆ ಕಿಬ್ಬೊಟ್ಟೆ ಒಂದು ಪಕ್ಕ ತಡೆಯಲಾರದಷ್ಟು ನೋವು ಬಂದರೆ ಮಾತ್ರ ಗುಳ್ಳೆ ತಿರುಚಿರಬಹುದು, ಆಗ ಅದೇ ಗಳಿಗೆಗೆ ಹೊರಡಬೇಕು. ಐದು ತಿಂಗಳು ತುಂಬುವ ಮೊದಲೇ ಬಿ.ಪಿ. ಏರಿ ಕಾಲು ಊದುವುದೂ ಮೋಲಾರ್ ಬಸಿರಿನ ಗುರುತು. ಈಗ ಬೇಗ ಸ್ಕ್ಯಾನಿಂಗ್ ಆಗುವುದರಿಂದ ಅಲ್ಲಿಯವರೆಗೆ ಹೋಗುವುದು ಅಪರೂಪ.

ಬಚ್ಚಲಮನೆಯ ಕಿಟ್ಟು. ಆ ಪಟ್ಟಿ ಮಗುವನ್ನು ಹುಡುಕುವುದಿಲ್ಲ, ಮೂತ್ರದಲ್ಲಿ ಈ ಹಾರ್ಮೋನು ಇದೆಯೇ ಎಂದಷ್ಟೇ ನೋಡುತ್ತದೆ. ಹೆಚ್ಚು ಕಡಿಮೆ 25ರಿಂದ ಮೇಲೆ ಎಷ್ಟೇ ಇರಲಿ ಎರಡು ಗೆರೆ. ನಿನ್ನದು ಐನೂರು ಆರುನೂರರಲ್ಲಿತ್ತು, ಗೆರೆ ಬರಲೇಬೇಕು. ಗೆರೆ ಬಂದ ಮಾತ್ರಕ್ಕೆ ಒಳಗೆ ಮಗುವಿದೆ ಎಂದಲ್ಲ. ತಮಾಷೆ ಎಂದರೆ, ಹಾರ್ಮೋನು ಅತಿ ಹೆಚ್ಚಿದ್ದಾಗ ಇದೇ ಕಿಟ್ಟು ಗಂಟಲು ಕಟ್ಟಿದವರಂತೆ ತೆಳ್ಳನೆಯ ಗೆರೆ ತೋರಿಸಬಹುದು, ಇಲ್ಲವೇ ಇಲ್ಲ ಎಂದೂ ತೋರಿಸಬಹುದು. ಲ್ಯಾಬಿನವರು ಆಗ ನೀರು ಬೆರೆಸಿ ತೆಳುಮಾಡಿ ನೋಡುತ್ತಾರೆ. ಕಿಟ್ಟಿಗೆ ಮೇಲಿನ ಲೆಕ್ಕವೂ ಬರುವುದಿಲ್ಲ, ಕೆಳಗಿನ ಲೆಕ್ಕವೂ ಬರುವುದಿಲ್ಲ. ನಮಗೆ ಬೇಕಾದದ್ದು 5ಕ್ಕಿಂತ ಕೆಳಗೆ. ಇನ್ನು ಕಿಟ್ಟಿಗೆ ದುಡ್ಡು ಹಾಕಬೇಡ.

ಇದೇ ಮಾತಿಗೆ ಬೇರೆ ಓದುಗರಿಗೂ ಒಂದು ಹೇಳಿಬಿಡುತ್ತೇನೆ. ಮುಟ್ಟು ನಿಂತಿತೆಂದು ಸ್ಕ್ಯಾನಿಂಗ್ ಮಾಡಿಸದೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಬಸಿರು ಇಳಿಸಿಕೊಳ್ಳುವವರಿದ್ದಾರಲ್ಲ, ಅವರಲ್ಲಿ ಒಬ್ಬಳಿಗೆ ಇದು ಮೋಲ್ ಆಗಿದ್ದರೆ ಗೊತ್ತೇ ಆಗುವುದಿಲ್ಲ. ಹೊರಬಿದ್ದದ್ದನ್ನು ಯಾರೂ ಪರೀಕ್ಷೆಗೆ ಕಳಿಸುವುದಿಲ್ಲ, ಒಳಗೆ ಉಳಿದದ್ದು ಬೆಳೆಯುತ್ತದೆ. ಮೋಲ್ ತೆಗೆಯುವ ಸರಿಯಾದ ದಾರಿ ಹೀರು ಯಂತ್ರದಿಂದ, ಸ್ಕ್ಯಾನಿಂಗ್ ಇಟ್ಟುಕೊಂಡು, ರಕ್ತ ಸಿದ್ಧವಿರುವ ಆಸ್ಪತ್ರೆಯಲ್ಲಿ. ರಕ್ತದ ಗುಂಪು ನೆಗೆಟಿವ್ ಇರುವವರಿಗೆ ಆಂಟಿ-ಡಿ ಇಂಜೆಕ್ಷನ್ನೂ ಬೇಕು. ಮತ್ತೆ ನಮ್ಮ ಸೀಮೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗಿಡುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬಸಿರು ನಿಂತ ಮೇಲೆ ರಕ್ತ ಕಾಣುತ್ತಿರುವ ಹೆಂಗಸನ್ನು ಹೊರಗೆ ಒಬ್ಬಳನ್ನೇ ಮಲಗಿಸಿದರೆ ರಾತ್ರಿ ರಕ್ತ ಸುರಿದಾಗ ಕೂಗಿದರೂ ಕೇಳುವವರಿರುವುದಿಲ್ಲ. ದೇವರಿಗೆ ಆಮೇಲೆ ತಪ್ಪುಕಾಣಿಕೆ ಹಾಕಿಕೊಳ್ಳಬಹುದು.

ಈಗ ನಿನ್ನ ಅಂಕಿಗಳು. 3,42,000ದಿಂದ ನಾಲ್ಕು ವಾರದಲ್ಲಿ 540ಕ್ಕೆ ಬಂದದ್ದು ಒಳ್ಳೆಯ ಇಳಿತ. ಹೆದರಿಸಿದ್ದು 612. ಆದರೆ ಆ 540 ಚಳ್ಳಕೆರೆಯ ಲ್ಯಾಬಿನದು, 612 ಮೊಳಕಾಲ್ಮೂರಿನದು. ಯಂತ್ರ ಬೇರೆ, ರಾಸಾಯನಿಕ ಬೇರೆ. ಒಂದೇ ಬಟ್ಟೆಯನ್ನು ಇಬ್ಬರು ತಮ್ಮ ತಮ್ಮ ಮೊಳದಲ್ಲಿ ಅಳೆದರೆ ಅಂಗುಲ ಎರಡಂಗುಲ ಆಚೀಚೆ ಆಗುತ್ತದೆಂದು ನೇಕಾರರ ಮಗಳಿಗೆ ನಾನು ಹೇಳಬೇಕೇ? ಎರಡು ಲ್ಯಾಬಿನ ಎರಡು ಅಂಕಿ ಪಕ್ಕಪಕ್ಕ ಇಟ್ಟು ‘ಏರಿದೆ’ ಎಂದು ತೀರ್ಮಾನ ಮಾಡಲಾಗದು. ‘ಏರಿಲ್ಲ’ ಎಂದು ಸಮಾಧಾನಪಡಲೂ ಆಗದು. ಆದ್ದರಿಂದ ಮೊದಲ ನಾಲ್ಕು ಸಲ ಕೊಟ್ಟ ಲ್ಯಾಬಿಗೇ ಹೋಗು, ಕೊನೆಯವರೆಗೂ ಅಲ್ಲಿಗೇ ಹೋಗು.

ನಿಯಮ ಹೀಗಿದೆ. ಜಗತ್ತಿನ ಸ್ತ್ರೀರೋಗ ತಜ್ಞರ ಒಕ್ಕೂಟ ‘ಫಿಗೋ’ ಹೇಳುವ ಪ್ರಕಾರ, ಮೂರು ವಾರದ ಅವಧಿಯಲ್ಲಿ ತೆಗೆದ ನಾಲ್ಕು ಅಂಕಿಗಳು ಶೇ 10ರೊಳಗೆ ಆಚೀಚೆ ಆಡುತ್ತ ನಿಂತಲ್ಲೇ ನಿಂತರೆ, ಅಥವಾ ಎರಡು ವಾರದಲ್ಲಿ ತೆಗೆದ ಮೂರು ಅಂಕಿಗಳು ಶೇ 10ಕ್ಕಿಂತ ಹೆಚ್ಚು ಏರುತ್ತ ಹೋದರೆ, ಮಾಸಿನ ಜೀವಕೋಶ ಒಳಗೆ ಉಳಿದು ಬೆಳೆಯುತ್ತಿದೆ ಎಂದರ್ಥ. ಕಂಪ್ಲೀಟ್ ಮೋಲ್ ಆದ ನೂರು ಜನರಲ್ಲಿ ಹದಿನೈದು ಇಪ್ಪತ್ತು ಮಂದಿಗೆ ಹೀಗಾಗುತ್ತದೆ. ಉಳಿದ ಎಂಬತ್ತು ಜನರಿಗೆ ಕ್ಲೀನ್ ಮಾಡಿದ್ದೇ ಸಾಕು, ಎರಡು ಎರಡೂವರೆ ತಿಂಗಳ ಹೊತ್ತಿಗೆ ಅಂಕಿ ತಾನೇ ನೆಲ ಕಾಣುತ್ತದೆ. ನೀನು ಯಾವ ಗುಂಪಿನವಳು ಎನ್ನುವುದಕ್ಕೆ ನಿನ್ನ ಹತ್ತಿರ ಈಗಿರುವ ಅಂಕಿ ಸಾಲುವುದಿಲ್ಲ. ಇನ್ನೊಂದು ಕೇಳುವುದಿದೆ, ಸಂಕೋಚ ಬೇಡ. ಈ ಏಳು ವಾರದಲ್ಲಿ ನೀವಿಬ್ಬರೂ ಜಾಗ್ರತೆ ವಹಿಸದೆ ಕೂಡಿದ್ದುಂಟೇ? ಹೊಸ ಬಸಿರು ನಿಂತರೂ ಅಂಕಿ ಏರುತ್ತದೆ. ಆಗ ಏರಿದ್ದು ಯಾವುದರಿಂದ ಎಂದು ತಿಳಿಯದೆ ಡಾಕ್ಟರಿಗೆ ಕೈಕಟ್ಟಿದಂತಾಗುತ್ತದೆ. ‘ಬೇಗ ಇನ್ನೊಂದು ಆದರೆ ಎಲ್ಲ ಸರಿಹೋಗುತ್ತದೆ’ ಎಂದು ಹಿರಿಯರು ಹೇಳಿದರೆ ಹೂಂ ಅನ್ನು, ಕೇಳಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವ ಮಾಲಾ-ಎನ್ ಮಾತ್ರೆ ನಡೆಯುತ್ತದೆ, ನಿರೋಧ್ ನಡೆಯುತ್ತದೆ. ಕಾಪರ್-ಟಿ ಮಾತ್ರ ಅಂಕಿ ನಾರ್ಮಲ್ ಆಗುವವರೆಗೆ ಬೇಡ.

‘ಕ್ಯಾನ್ಸರ್ ಇಂಜೆಕ್ಷನ್’ ಎಂಬ ಮಾತಿಗೆ ನೀನು ನಡುಗಿಹೋಗಿದ್ದೀಯ. ಆ ಇಂಜೆಕ್ಷನ್ ಬೇಕಾದರೂ ಬೇಕಾಗಬಹುದು, ಆದ್ದರಿಂದ ಅದರ ಕತೆ ಹೇಳುತ್ತೇನೆ. ಹೆಸರು ಮೆಥೋಟ್ರೆಕ್ಸೇಟ್. ಅದು ಹುಟ್ಟಿದ್ದು ಅಮೆರಿಕದ ಲೆಡರ್ಲೆ ಕಂಪನಿಯ ಪ್ರಯೋಗಾಲಯದಲ್ಲಿ, 1940ರ ದಶಕದಲ್ಲಿ. ಅಲ್ಲಿನ ಸಂಶೋಧನೆಯ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್. ನಿಮ್ಮ ಮಗ್ಗುಲಿನ ಆಂಧ್ರದವರೇ, 1895ರಲ್ಲಿ ಭೀಮವರಂನಲ್ಲಿ ಹುಟ್ಟಿದವರು. ಆಶಾ ಕಾರ್ಯಕರ್ತೆ ಬಸುರಿಯರಿಗೆ ಹಂಚುವ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿದ್ದೂ ಅವರ ತಂಡವೇ. ಒಂದೇ ಮನೆಯಲ್ಲಿ ಹುಟ್ಟಿದ ಎರಡು ಔಷಧ, ಒಂದಕ್ಕೊಂದು ವೈರಿ. ಫೋಲಿಕ್ ಆಮ್ಲದಿಂದ ಜೀವಕೋಶ ಬೆಳೆಯುತ್ತದೆ, ಮೆಥೋಟ್ರೆಕ್ಸೇಟ್ ಅದರ ವೇಷ ಹಾಕಿಕೊಂಡು ಹೋಗಿ ಬೆಳವಣಿಗೆ ನಿಲ್ಲಿಸುತ್ತದೆ. ಆದ್ದರಿಂದ ಇಂಜೆಕ್ಷನ್ ಶುರುವಾದರೆ ಮನೆಯಲ್ಲಿ ಉಳಿದಿರುವ ಕಬ್ಬಿಣ-ಫೋಲಿಕ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನುಂಗಬೇಡ.

1956ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಮಿನ್ ಚಿಯು ಲಿ ಎಂಬ ಚೀನೀ ಮೂಲದ ವೈದ್ಯ ಮತ್ತು ರಾಯ್ ಹರ್ಟ್ಜ್ ಇದೇ ಔಷಧವನ್ನು ಕೋರಿಯೋಕಾರ್ಸಿನೋಮಾ ಬಂದ ಹೆಂಗಸಿಗೆ ಕೊಟ್ಟರು. ಅದು ಮಾಸಿನ ಜೀವಕೋಶದ ಕ್ಯಾನ್ಸರು, ನಿನ್ನ ಮೋಲ್‌ನ ಕೆಟ್ಟ ದಾಯಾದಿ ಅನ್ನು. ಶ್ವಾಸಕೋಶಕ್ಕೆ ಹಬ್ಬಿತ್ತು, ಬದುಕುವ ಆಸೆ ಯಾರಿಗೂ ಇರಲಿಲ್ಲ. ಗಡ್ಡೆಗಳು ಎಕ್ಸ್‌ರೇಯಿಂದ ಮಾಯವಾದವು. ಎಲ್ಲರೂ ಸಾಕು ಅಂದರು. ಲಿ ಮಾತ್ರ ಎಚ್‌ಸಿಜಿ ಅಂಕಿ ನೋಡುತ್ತಿದ್ದರು. ಅದು ಇಳಿದಿತ್ತು, ಸೊನ್ನೆಯಾಗಿರಲಿಲ್ಲ. ಮುಂದೆ ಬಂದ ರೋಗಿಗಳಿಗೂ, ಕಣ್ಣಿಗೆ ಕಾಣುವ ರೋಗವಿಲ್ಲದಿದ್ದರೂ, ಅಂಕಿ ಸೊನ್ನೆಯಾಗುವವರೆಗೆ ಔಷಧ ಕೊಡುತ್ತಲೇ ಹೋದರು. ರೋಗಿಗಳಿಗೆ ವಿಷ ಹಾಕುತ್ತಿದ್ದಾನೆ ಎಂದು ಆಕ್ಷೇಪ ಬಂತು, ಕೆಲಸ ಹೋಯಿತು. ಮುಂದೆ ನೋಡಿದರೆ, ಬೇಗ ನಿಲ್ಲಿಸಿದವರಿಗೆ ರೋಗ ಮರಳಿತ್ತು, ಲಿ ಸೊನ್ನೆಯವರೆಗೆ ಕರೆದೊಯ್ದವರು ಚೆನ್ನಾಗಿದ್ದರು. ಗಡ್ಡೆಯಾಗಿ ಬೆಳೆದ ಕ್ಯಾನ್ಸರೊಂದು ಬರೀ ಔಷಧದಿಂದ ವಾಸಿಯಾದದ್ದು ಅದೇ ಮೊದಲು. 1972ರಲ್ಲಿ ಅವರಿಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ನೀನು ವಾರವಾರ ಕೈಚಾಚಿ ಕೊಡುವ ರಕ್ತದ ಹಿಂದೆ ಆ ಮನುಷ್ಯನ ಹಟ ಇದೆ.

ಮುಂದೇನು, ಎಲ್ಲಿಗೆ ಹೋಗಬೇಕು ಎನ್ನುವುದನ್ನೂ ಹೇಳಿಬಿಡುತ್ತೇನೆ. ಅಂಕಿ ನಿಂತಿದೆ ಎಂದು ಖಾತ್ರಿಯಾದರೆ ಎದೆಯ ಎಕ್ಸ್‌ರೇ, ಮತ್ತೊಂದು ಸ್ಕ್ಯಾನಿಂಗ್ ಮಾಡಿ ಅಪಾಯ ಎಷ್ಟೆಂದು ಅಂಕ ಹಾಕುತ್ತಾರೆ. ಆರರವರೆಗೆ ಬಂದರೆ ಕಡಿಮೆ ಅಪಾಯದ ಗುಂಪು. ನಿನ್ನ ವಿವರ ನೋಡಿದರೆ ನಿನ್ನದು ಅಲ್ಲಿಗೇ ಸೇರುವ ಸಂಭವ ಹೆಚ್ಚು. ಆ ಗುಂಪಿನವರು ಹೆಚ್ಚುಕಡಿಮೆ ಎಲ್ಲರೂ ವಾಸಿಯಾಗುತ್ತಾರೆ. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ, ಪುಸ್ತಕದ ಮಾತು. ಆ ಗುಂಪಿಗೆ ಕೊಡುವ ಪ್ರಮಾಣದ ಮೆಥೋಟ್ರೆಕ್ಸೇಟ್‌ಗೆ ಸಾಮಾನ್ಯವಾಗಿ ಕೂದಲು ಉದುರುವುದಿಲ್ಲ. ಬಾಯಿಹುಣ್ಣು ಬರಬಹುದು, ಸುಸ್ತಾಗಬಹುದು. ಔಷಧ ಹಳೆಯದು, ಬೆಲೆಯೂ ಕಡಿಮೆ. ಮೊಳಕಾಲ್ಮೂರಿನಿಂದ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ಚಳ್ಳಕೆರೆಯಲ್ಲೇ ಇರುವುದಾದರೆ ದುರ್ಗದ ಜಿಲ್ಲಾಸ್ಪತ್ರೆ. ಅಂಕ ಏಳು ಅಥವಾ ಮೇಲಿದ್ದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಸರ್ಕಾರಿ ಆಸ್ಪತ್ರೆಯ ಮೂಲಕವೇ ಹೋಗಿ, ಕಾರ್ಡು ಜೊತೆಗಿರಲಿ.

ಗರ್ಭಚೀಲ ತೆಗೆಸುವ ಮಾತನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡ. 24 ವರ್ಷಕ್ಕೆ ಅದರ ಅಗತ್ಯವಿಲ್ಲ. ತೆಗೆಸಿದರೂ ರಕ್ತ ಪರೀಕ್ಷೆ ತಪ್ಪುವುದಿಲ್ಲ, ಜೀವಕೋಶ ಆಗಲೇ ಬೇರೆಡೆಗೆ ಹೋಗಿದ್ದರೆ ಚೀಲ ತೆಗೆದು ಏನು ಬಂತು?

ಸಂಬಂಧದಲ್ಲಿ ಮದುವೆಯಾದದ್ದಕ್ಕೆ ಹೀಗಾಯಿತೇ ಎಂದು ಕೇಳಿದ್ದೀಯ. ಇಲ್ಲ. ಸೋದರಮಾವನನ್ನು ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಬೇರೆ ತೊಂದರೆಗಳ ಸಂಭವ ಹೆಚ್ಚುವುದು ನಿಜ, ಆ ಮಾತನ್ನು ಮುಂದಿನ ಬಸಿರಿಗೆ ಮುಂಚೆ ಡಾಕ್ಟರ ಹತ್ತಿರ ಆಡು. ಆದರೆ ನಿನಗೆ ಬಂದಂಥ ಮೋಲ್ ಅದರಿಂದ ಬರುವುದಲ್ಲ. ಬಹಳ ಅಪರೂಪಕ್ಕೆ, ಕೆಲವು ಮನೆತನಗಳಲ್ಲಿ ಹೆಂಗಸರಿಗೆ ಮೇಲಿಂದ ಮೇಲೆ ಮೋಲೇ ಆಗುತ್ತದೆ. ಅದಕ್ಕೆ ಎನ್‌ಎಲ್‌ಆರ್‌ಪಿ7 ಎಂಬ ವಂಶವಾಹಿಯ ದೋಷ ಕಾರಣವೆಂದು 2006ರಲ್ಲಿ ಗೊತ್ತಾಯಿತು. ಅಲ್ಲಿಯೂ ನೋಡಬೇಕಾದದ್ದು ಆ ಹೆಂಗಸಿನ ಅಪ್ಪ ಅವ್ವ ರಕ್ತಸಂಬಂಧಿಗಳೇ ಎಂದು, ಇಬ್ಬರಿಂದಲೂ ಅದೇ ದೋಷ ಅವಳಿಗೆ ಬಂದಿದೆಯೇ ಎಂದು. ಅವಳು ಯಾರನ್ನು ಮದುವೆಯಾದಳು ಎನ್ನುವುದಕ್ಕೆ ಅಲ್ಲಿ ಲೆಕ್ಕವಿಲ್ಲ. ಒಂದೇ ಸಲ ಆದವರಿಗೆ ಆ ಪರೀಕ್ಷೆ ಬೇಡ. ಓಣಿಯವರಿಗೆ ಇಷ್ಟೆಲ್ಲ ವಿವರಿಸುವ ಕೆಲಸವೂ ನಿನಗೆ ಬೇಡ.

ಮಕ್ಕಳಾಗುತ್ತವೆ. ಮುಂದಿನ ಬಸಿರು ಮತ್ತೆ ಮೋಲ್ ಆಗುವ ಸಂಭವ ನೂರಕ್ಕೆ ಒಂದರ ಆಸುಪಾಸು, ಉಳಿದ ತೊಂಬತ್ತೆಂಟು ತೊಂಬತ್ತೊಂಬತ್ತು ಮಂದಿಗೆ ಇದು ಮರುಕಳಿಸುವುದಿಲ್ಲ. ಎಷ್ಟು ದಿನ ಕಾಯಬೇಕು ಎನ್ನುವುದರಲ್ಲಿ ಡಾಕ್ಟರುಗಳ ನಡುವೆ ಸ್ವಲ್ಪ ಭಿನ್ನಮತವಿದೆ. ವಾರವಾರದ ಅಂಕಿ ಮೂರು ಸಲ ನಾರ್ಮಲ್ ಬಂದ ಮೇಲೆ, ಕಂಪ್ಲೀಟ್ ಮೋಲ್‌ಗೆ ಇನ್ನು ಮೂರು ತಿಂಗಳು ತಿಂಗಳಿಗೊಮ್ಮೆ ನೋಡಿದರೆ ಸಾಕೆಂದು ಫಿಗೋ ಹೇಳುತ್ತದೆ. ನಮ್ಮಲ್ಲಿ ಬಹಳ ಮಂದಿ ಆರು ತಿಂಗಳು ಅನ್ನುತ್ತಾರೆ. ಇಂಜೆಕ್ಷನ್ ತೆಗೆದುಕೊಂಡರೆ ಒಂದು ವರ್ಷ. ನಿನ್ನ ಡಾಕ್ಟರು ಹೇಳಿದ್ದೇ ನಿನಗೆ ಲೆಕ್ಕ. ಮತ್ತೆ ನಿಂತಾಗ ಎರಡು ತಿಂಗಳೊಳಗೆ ಒಂದು ಸ್ಕ್ಯಾನಿಂಗ್, ಹೆರಿಗೆಯಾದ ಆರು ವಾರಕ್ಕೆ ಒಂದು ಎಚ್‌ಸಿಜಿ ಪರೀಕ್ಷೆ, ಇವೆರಡು ಮರೆಯಬೇಡ. ಅಲ್ಲಿಯವರೆಗೆ ಕೆಮ್ಮಿನಲ್ಲಿ ರಕ್ತ ಬಂದರೆ, ಉಸಿರು ಕಟ್ಟಿದರೆ, ಬಟ್ಟೆ ಮೇಲೆ ಬಟ್ಟೆ ನೆನೆಯುವಷ್ಟು ರಕ್ತ ಹೋದರೆ, ತಲೆನೋವು ಬಿಡದೆ ಕಾಡಿದರೆ, ವಾರದ ಪರೀಕ್ಷೆಗೆಂದು ಕಾಯಬೇಡ.

ಸೀರೆಯ ವಿಷಯ ಕೊನೆಗೆ ಇಟ್ಟುಕೊಂಡೆ. ‘ಮಗುವೇ ಇರಲಿಲ್ಲವಲ್ಲ, ಅಳುವುದು ಯಾಕೆ’ ಎಂದು ನಿನಗೆ ಯಾರಾದರೂ ಹೇಳಿಯೇ ಇರುತ್ತಾರೆ. ಹನ್ನೊಂದು ವಾರ ನಿನಗೆ ಮಗು ಇತ್ತು. ತಾಯಿ ಕಾರ್ಡಿನಲ್ಲಿ ದಿನಾಂಕ ಬರೆಸಿದ್ದೆ, ಅಪ್ಪ ಬಣ್ಣ ಆರಿಸಿ ಮಗ್ಗಕ್ಕೆ ಹಾಕಿದ್ದರು. ಸ್ಕ್ಯಾನಿಂಗ್ ಪರದೆಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಅದೆಲ್ಲ ಇರಲಿಲ್ಲ ಎಂದಾಗುವುದಿಲ್ಲ. ಅಳು ಬಂದರೆ ಅಳು. ಅಪ್ಪನ ಹತ್ತಿರ ನೀನೇ ಹೋಗಿ ಕೂತು ಆ ಸೀರೆ ತೋರಿಸು ಅನ್ನು. ಮಾರುವುದೋ ಇಡುವುದೋ ಉಡುವುದೋ ಅದನ್ನು ಕೈಯಲ್ಲಿ ಹಿಡಿದ ಮೇಲೆ ನಿನಗೇ ತೋಚುತ್ತದೆ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡರೆ ತೋಚುವುದಿಲ್ಲ. ಅವರು ಸೀರೆ ಲೆಕ್ಕ ಬರೆಯುವ ಪುಸ್ತಕದಲ್ಲಿ ಒಂದು ಹಾಳೆ ಹರಿದುಕೊಡಲು ಹೇಳು. ದಿನಾಂಕ, ಲ್ಯಾಬಿನ ಹೆಸರು, ಅಂಕಿ, ಮೂರು ಕಂಬ ಗೀಚಿ ಇದುವರೆಗಿನ ಆರನ್ನೂ ಬರೆದಿಡು. ಡಾಕ್ಟರಿಗೆ ಹತ್ತು ಚೀಟಿಗಿಂತ ಆ ಒಂದು ಹಾಳೆ ಮೇಲು.

ಈ ಸಂಚಿಕೆ ಕೈಗೆ ಬಂದ ಮರುದಿನ ಬೆಳಿಗ್ಗೆ ಚಳ್ಳಕೆರೆ ಬಸ್ಸು ಹತ್ತು. ಮನೆಯವರಿಗೆ ಫೋನ್ ಮಾಡು, ಬಸ್‌ಸ್ಟ್ಯಾಂಡಿಗೆ ಬಂದು ಲ್ಯಾಬಿಗೆ ಜೊತೆಗೆ ಬರಲಿ. ಈ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ, ತಿಂಡಿ ತಿಂದು ಹೊರಡು.